ಹಿಂದಿನ ಚಕ್ರದ ಅಚ್ಚು

ಯುದ್ಧದ ನಡುವೆ ದಶರಥನ ರಥದ ಅಚ್ಚಿನ ಕೀಲು ಕಳಚಿತೆಂದೂ, ಕೈಕೇಯಿ ಅಲ್ಲಿ ತನ್ನ ಕೈಯನ್ನೇ ಇಟ್ಟು ಗಂಡನನ್ನು ಉಳಿಸಿದಳೆಂದೂ ಹರಿಕಥೆಗಳಲ್ಲಿ ಕೇಳಿದ್ದೇವೆ. ನಮ್ಮ ಮಕ್ಕಳು ಏರಿ ಹೋಗುವ ಗೇರ್ ಸೈಕಲ್ಲಿನ ಅಚ್ಚು ಇಳಿಜಾರಿನಲ್ಲಿ ಮುರಿದರೆ ಕೈಯಿಡಲು ಯಾರೂ ಇರುವುದಿಲ್ಲ. ಆದುದರಿಂದ ಅದು ಏಕೆ ಮುರಿಯುತ್ತದೆ, ಮುರಿದರೆ ಏನು ಮಾಡಬೇಕು ಎಂಬುದನ್ನು ಹಿರಿಯರು ತಿಳಿದಿರುವುದು ಒಳ್ಳೆಯದು.

ಸಂಸ್ಕೃತದ ‘ಅಕ್ಷ’ವೇ ನಮ್ಮಲ್ಲಿ ‘ಅಚ್ಚು’ ಆಗಿದೆ. ಸೈಕಲ್ ಷಾಪಿನವರು ಅದನ್ನು ಆಕ್ಸೆಲ್ ಎನ್ನುತ್ತಾರೆ. ಎತ್ತಿನ ಗಾಡಿಯಲ್ಲಿರುವಂತೆ ಇಲ್ಲಿಯೂ ಅಚ್ಚು ತಿರುಗುವುದಿಲ್ಲ. ಅದು ಫ್ರೇಮಿಗೆ ಬಿಗಿದು ನಿಂತಿರುತ್ತದೆ. ಚಕ್ರದ ನಡುವಿನ ಹಬ್ ಅದರ ಸುತ್ತ ತಿರುಗುತ್ತದೆ. ತಿರುಗುವಾಗ ಉಜ್ಜಾಟವಾಗದಂತೆ ಎರಡು ಬದಿಗೂ ಸಾಮಾನ್ಯವಾಗಿ ಒಂಬತ್ತೊಂಬತ್ತು ಉಕ್ಕಿನ ಗುಂಡುಗಳಿರುತ್ತವೆ. ಕೋನ್ ಎಂಬ ಭಾಗ ಅವುಗಳನ್ನು ಒತ್ತಿ ಹಿಡಿದಿರುತ್ತದೆ.

ಗುಡ್ಡಗಾಡಿನ ಸೈಕಲ್ಲಿಗೆ ಹಿಂದಿನ ಹಬ್ಬಿನ ಚಿಂತೆ ಹುಟ್ಟಿನಿಂದಲೇ ಬಂದದ್ದು. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವು ಉತ್ಸಾಹಿಗಳು ದಪ್ಪ ಟಯರಿನ ಹಳೆಯ ಸೈಕಲ್ಲುಗಳ ಮೇಲೆ ಗುಡ್ಡ ಇಳಿಯುವ ಪಂದ್ಯ ನಡೆಸಿದರು. ಅವುಗಳ ಬ್ರೇಕು ಹಿಂದಿನ ಹಬ್ಬಿನೊಳಗೇ ಇತ್ತು. ಅದು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಮತ್ತೆ ತುಂಬುವುದೆಂಬ ಅರ್ಥದಲ್ಲಿಯೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ನಿಂತಿತು.

ಈಗ ಅಚ್ಚಿನ ಮಾತು. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಆರೇಳು ಹಲ್ಲುಚಕ್ರಗಳ ಫ್ರೀವೀಲನ್ನು ಹಬ್ಬಿನ ಬಲಗಡೆಗೆ ತಿರುಪಿ ಕೂಡಿಸಿರುತ್ತಾರೆ. ಅದಕ್ಕೆ ಜಾಗ ಬಿಡಬೇಕಾದುದರಿಂದ ಬಲಗಡೆಯ ಗುಂಡುಗಳು ಫ್ರೇಮಿನಿಂದ 3 ಸೆಂಟಿಮೀಟರಿಗೂ ಮಿಕ್ಕು ಒಳಗೆ ಸರಿಯುತ್ತವೆ. ಅಷ್ಟು ಉದ್ದ ಅಚ್ಚಿಗೆ ಆಸರೆಯೇ ಇಲ್ಲ. ಭಾರ ಅಷ್ಟೇ ಇದ್ದರೂ ಆಸರೆ ದೂರವಾದಷ್ಟೂ ಸರಳು ಹೆಚ್ಚು ಬಾಗುತ್ತದೆಯಷ್ಟೆ. ಆದಕಾರಣ ಅಚ್ಚು ಹೆಚ್ಚಾಗಿ ಬಲಗಡೆಯ ಕೋನಿನ ಹತ್ತಿರವೇ ಮುರಿಯುತ್ತದೆ. ಜಪಾನಿನ ಶಿಮಾನೊ ಸಂಸ್ಥೆ 1978ರಿಂದ ಪ್ರಚಾರಕ್ಕೆ ತಂದ ಫ್ರೀಹಬ್ಬಿನಲ್ಲಿ ಬಲಗಡೆಯ ಗುಂಡುಗಳು ಹೊರತುದಿಗೆ ಬಂದವು. ಈ ಪೀಡೆ ಬಹುಮಟ್ಟಿಗೆ ತಗ್ಗಿತು.

ಮುರಿದ ಅಚ್ಚು ಕೂಡಲೇ ಕಳಚಿ ಬೀಳದಿರುವುದೇ ಅಪಾಯ. ಎರಡು ತುಂಡುಗಳೂ ಬಿಗಿಯಲ್ಲಿ ಸಿಕ್ಕಿಕೊಂಡು ಸೈಕಲ್ಲು ಕೆಲವು ದಿನ ಓಡೀತು. ಚಕ್ರ ಪಕ್ಕಕ್ಕೆ ಅಲುಗಿದರೆ, ರಿಮ್ಮು ಒಂದೊಂದು ಸಲ ಬ್ರೇಕಿಗೆ ತಗುಲಿದರೆ, ಗೇರು ತಾನಾಗಿ ತಪ್ಪಿದರೆ ಸವಾರಿ ನಿಲ್ಲಿಸಿ ನೋಡಬೇಕು.

ಚಕ್ರವನ್ನು ಬಿಚ್ಚಿದ ಮೇಲೆ ಅಚ್ಚಿನ ತುದಿಗಳು ಎಷ್ಟೆಷ್ಟು ಹೊರಚಾಚಿವೆ ಎಂದು ಮೊದಲು ಅಳೆದಿಡಿ. ವಾಷರುಗಳ ಕ್ರಮವನ್ನೂ ಬರೆದಿಡಿ. ಎಡಗಡೆಯ ನಟ್ಟು, ಕೋನುಗಳನ್ನು ಬಿಚ್ಚಿ ಅಚ್ಚನ್ನು ಹೊರಗೆಳೆಯಿರಿ. ಕೆಳಗೆ ಬಟ್ಟೆ ಹಾಸಿದ್ದರೆ ಗುಂಡುಗಳು ಉರುಳಿ ಹೋಗವು. ಮುರಿಯದ ಅಚ್ಚಾದರೆ ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಕುಣಿಯುತ್ತದೆ. ಬಾಗಿದ್ದನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವುದು ಬೇಡ. ಹಳೆಯದನ್ನು ಅಂಗಡಿಗೆ ಒಯ್ದು ದಪ್ಪ, ಉದ್ದ, ತಿರುಪಿನ ಗೆರೆ ಮೂರೂ ಹೊಂದುವ ಹೊಸದನ್ನು ತನ್ನಿ. ಕೋನಿನಲ್ಲಿ ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ.

ಹೊಸ ಗ್ರೀಸು ತುಂಬಿ ಜೋಡಿಸಿದ ಮೇಲೆ ಅಚ್ಚನ್ನು ಬೆರಳಿನಿಂದ ತಿರುಗಿಸಿ ನೋಡಿ. ಅದು ಕಡಕಡ ಎನ್ನಬಾರದು, ಅಲುಗಲೂ ಬಾರದು. ಸನ್ನೆಕೋಲಿನಿಂದ ಬಿಗಿಯುವ ಟೊಳ್ಳು ಅಚ್ಚಾದರೆ ಮಾತ್ರ ಎಳ್ಳಷ್ಟು ಸಡಿಲ ಬಿಡಬೇಕು. ಬಿಗಿದಾಗ ಅದು ಸರಿಹೋಗುತ್ತದೆ.

ಇಷ್ಟಾದರೂ ಹೊಸ ಅಚ್ಚು ಬೇಗನೆ ಮುರಿದರೆ ಅಚ್ಚನ್ನು ದೂರಿ ಫಲವಿಲ್ಲ. ಅಚ್ಚು ಕೂರುವ ಫ್ರೇಮಿನ ಎರಡು ಕಚ್ಚುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಪ್ರತಿ ಬಿಗಿತವೂ ಅಚ್ಚನ್ನು ಬಾಗಿಸುತ್ತಲೇ ಇರುತ್ತದೆ. ಅದನ್ನು ಬಲ್ಲ ಕೆಲಸಗಾರನಿಂದ ಸರಿಪಡಿಸಿಕೊಳ್ಳಬೇಕು. ಮುರಿದದ್ದನ್ನು ಬದಲಿಸಿದರೆ ಅರ್ಧ ರಿಪೇರಿ. ಮುರಿದ ಕಾರಣವನ್ನು ನೀಗಿದರೆ ಪೂರ್ತಿ ರಿಪೇರಿ. ಆಮೇಲೆ ಮಗು ಇಳಿಜಾರಿನಲ್ಲಿ ಗಂಟೆ ಬಾರಿಸುತ್ತ ಹೋದರೂ ಮನೆಯಲ್ಲಿರುವವರು ನೆಮ್ಮದಿಯಾಗಿರಬಹುದು.