ತಿರುಗುವ ಕುರ್ಚಿಯಲ್ಲೇ ಇದೆ ಪಿಯುಸಿ ಭೌತಶಾಸ್ತ್ರದ ಪಾಠ

ಕುಂದಾಪುರ: ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ತಿರುಗುವ ಕುರ್ಚಿ ಇದ್ದರೆ, ಪ್ರಥಮ ಪಿಯುಸಿ ಓದುವ ಮಕ್ಕಳಿಗೆ ಹತ್ತು ನಿಮಿಷ ಬಿಟ್ಟುಕೊಡಿ. ‘ಕೋನೀಯ ಸಂವೇಗದ ಸಂರಕ್ಷಣೆ’ ಎಂದು ಅವರು ಬಾಯಿಪಾಠ ಮಾಡುವ ನಿಯಮ ಅಲ್ಲೇ ಕಣ್ಣಿಗೆ ಕಾಣ್ತದೆ.

ಮಾಡುವುದು ಹೀಗೆ: ಒಂದು ಲೀಟರ್ ನೀರು ತುಂಬಿದ ಎರಡು ಪ್ಲಾಸ್ಟಿಕ್ ಬಾಟಲಿ ಹಿಡಿದು, ಎರಡೂ ಕೈ ಅಗಲಕ್ಕೆ ಚಾಚಿ, ಕಾಲು ನೆಲಕ್ಕೆ ತಾಗದಂತೆ ಕುಳಿತುಕೊಳ್ಳಿ. ಇನ್ನೊಬ್ಬರು ಮೆಲ್ಲ ತಿರುಗಿಸಿ ಬಿಟ್ಟುಬಿಡಲಿ. ಈಗ ಬಾಟಲಿಗಳನ್ನು ಎದೆಯತ್ತ ಎಳೆದುಕೊಳ್ಳಿ. ಕುರ್ಚಿ ಗಿರ್ರನೆ ಜೋರಾಗ್ತದೆ. ಮತ್ತೆ ಕೈ ಚಾಚಿದರೆ ನಿಧಾನ. ಯಾರೂ ದೂಡಲಿಲ್ಲ. ಇದ್ ಹ್ಯಾಂಗ್ ಮಾರಾಯ್ರೆ?

ತಿರುಗುವಾಗ ತೂಕ ಎಷ್ಟು ಎನ್ನುವುದಷ್ಟೇ ಅಲ್ಲ, ಅದು ನಡುವಿನಿಂದ ಎಷ್ಟು ದೂರ ಇದೆ ಎನ್ನುವುದೂ ಮುಖ್ಯ. ಬಾಟಲಿ 80 ಸೆಂ.ಮೀ.ನಿಂದ 20 ಸೆಂ.ಮೀ.ಗೆ ಬಂದರೆ ದೂರ ನಾಲ್ಕನೇ ಒಂದು. ಬಾಟಲಿಯ ತಿರುಗುವ ಜಡತ್ವ ಮಾತ್ರ ಹದಿನಾರನೇ ಒಂದು. ಹೊರಗಿನಿಂದ ಯಾರೂ ತಿರುಗಿಸದಿದ್ದಾಗ ಜಡತ್ವ ಮತ್ತು ತಿರುಗುವ ವೇಗದ ಗುಣಲಬ್ಧ ಬದಲಾಗುವುದಿಲ್ಲ. ಒಂದು ಇಳಿದರೆ ಇನ್ನೊಂದು ಏರಲೇಬೇಕು. ಹಾಗಂತ ವೇಗ 16 ಪಟ್ಟು ಆಗುವುದಿಲ್ಲ. ಕುರ್ಚಿ ಮತ್ತು ಮೈಯ ಜಡತ್ವವೂ ಲೆಕ್ಕದಲ್ಲಿದೆ.

ಮಕ್ಕಳು ತಪ್ಪುವುದು ಇಲ್ಲಿ: ಸಂವೇಗ ಅಷ್ಟೇ ಉಳಿದರೆ ಚಲನಶಕ್ತಿಯೂ ಅಷ್ಟೇ ಎಂದು ಬರೆಯುತ್ತಾರೆ. ಹಾಗಲ್ಲ, ಅದು ಹೆಚ್ಚಾಗ್ತದೆ. ಬಾಟಲಿ ಒಳಗೆಳೆಯುವಾಗ ಕೈಗೆ ಬಿಗಿ ಗೊತ್ತಾಗ್ತದಲ್ಲ, ಆ ದುಡಿಮೆಯೇ ಹೆಚ್ಚಿನ ಶಕ್ತಿಯ ಮೂಲ. ನಮ್ಮ ಬಡಗುತಿಟ್ಟಿನ ಮಂಡಿ ಕುಣಿತದ ಸುತ್ತು ಬೇರೆ ವಿಷಯ. ಅಲ್ಲಿ ಕಲಾವಿದರು ಮತ್ತೆ ಮತ್ತೆ ನೆಲವನ್ನು ಒತ್ತಿ ವೇಗ ಪಡೆಯುತ್ತಾರೆ.

ಈ ನಿಯಮದ ಇನ್ನೊಂದು ಮುಖ, ತಿರುಗುವ ವಸ್ತು ತನ್ನ ದಿಕ್ಕನ್ನು ಸುಲಭಕ್ಕೆ ಬಿಡುವುದಿಲ್ಲ ಎನ್ನುವುದು. ನಮ್ಮದೇ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ‘ಆರ್ಯಭಟ’ ಉಪಗ್ರಹವನ್ನು ಸ್ಥಿರವಾಗಿಡಲು ಅದನ್ನು ಬುಗುರಿಯಂತೆ ತಿರುಗಿಸುವ ವಿಧಾನವನ್ನೇ ಬಳಸಲಾಗಿತ್ತು.

ಎಚ್ಚರಿಕೆ: ಕುರ್ಚಿ ಮಗುಚದಂತೆ ಒಬ್ಬರು ಹತ್ತಿರ ನಿಲ್ಲಿ, ಗಾಜಿನ ಬಾಟಲಿ ಬೇಡ, ತಲೆ ತಿರುಗಿದರೆ ಕೂಡಲೇ ನಿಲ್ಲಿಸಿ. ಕುರ್ಚಿ ಪೂರ್ತಿ ನಿಂತ ಮೇಲೆಯೇ ಇಳಿಯಿರಿ.