ಕೌದಿಯ ಬಣ್ಣ ಕೆಡದಿರಲು

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಇಂದು ಹೊರದೇಶಗಳಲ್ಲಿಯೂ ಹೆಸರಾಗಿವೆ. ಅವರಲ್ಲಿ ಕಥೋಲಿಕ ಕುಟುಂಬಗಳೂ ಇದ್ದು, ಅವರ ಕೆಲವು ಕೌದಿಗಳಲ್ಲಿ ಶಿಲುಬೆಯ ಆಕೃತಿಯನ್ನು ಕಾಣಬಹುದು. ಈ ಕೌದಿಗಳಿಗೆ ಬಳಕೆಯಾಗುವುದು ಬಹುಮಟ್ಟಿಗೆ ಉಟ್ಟು, ಒಗೆದು ಹಳತಾದ ಬಟ್ಟೆ. ಮಿತವ್ಯಯದ ಈ ಕ್ರಮದಲ್ಲಿ ಇನ್ನೊಂದು ಲಾಭವೂ ಅಡಗಿದೆ: ಹಲವು ಒಗೆತಗಳನ್ನು ಕಂಡ ಬಟ್ಟೆ ತನ್ನ ಸಡಿಲ ಬಣ್ಣವನ್ನು ಮೊದಲೇ ಕಳೆದುಕೊಂಡಿರುತ್ತದೆ.

ಹೊಸ ಬಟ್ಟೆಯ ಮಾತು ಬೇರೆ. ಮೊಮ್ಮಗುವಿಗೆಂದು ಅಜ್ಜಿ ತಿಂಗಳುಗಟ್ಟಲೆ ಕುಳಿತು ಹೊಲಿದ ಕೌದಿಯಲ್ಲಿ, ಮೊದಲ ಒಗೆತಕ್ಕೇ ಕೆಂಪು ಬಣ್ಣ ಬಿಳಿಯ ತುಂಡಿಗೆ ಹತ್ತಿದರೆ ಆ ಶ್ರಮವೆಲ್ಲ ನೀರುಪಾಲಾದಂತೆ. ಇದನ್ನು ತಡೆಯಬೇಕಾದರೆ ಮೊದಲು ಕಾರಣವನ್ನು ಅರಿಯಬೇಕು.

1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಇಂದು ಹತ್ತಿಬಟ್ಟೆಗೆ ವ್ಯಾಪಕವಾಗಿ ಬಳಕೆಯಲ್ಲಿವೆ. ಅವು ನೂಲಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಆದರೆ ಬಣ್ಣದ ಒಂದಂಶ ನೀರಿನೊಡನೆಯೇ ವರ್ತಿಸಿ, ಬೆಸೆಯುವ ಶಕ್ತಿಯನ್ನು ಕಳೆದುಕೊಂಡು ಬಟ್ಟೆಯಲ್ಲಿ ಸುಮ್ಮನೆ ಉಳಿಯುತ್ತದೆ. ಕಾರ್ಖಾನೆಯಲ್ಲಿ ಅದನ್ನು ಪೂರ್ತಿಯಾಗಿ ತೊಳೆದು ತೆಗೆಯದಿದ್ದರೆ ನಮ್ಮ ಬಕೆಟ್ಟಿನಲ್ಲಿ ಹೊರಬರುತ್ತದೆ.

ಉಪ್ಪುನೀರಿನಲ್ಲಿ ಅಥವಾ ವಿನಿಗರ್‌ನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಬಣ್ಣ ಹಾಕುವ ವೇಳೆಯಲ್ಲಿ ಉಪ್ಪು ನೆರವಾಗುವುದು ನಿಜ. ಉಣ್ಣೆ, ರೇಷ್ಮೆಗಳಿಗೆ ಬಣ್ಣ ಹಾಕುವಾಗ ಹುಳಿಯ ಉಪಯೋಗವಿರುವುದೂ ನಿಜ. ಆದರೆ ಬೆಸೆಯುವ ಶಕ್ತಿಯನ್ನೇ ಕಳೆದುಕೊಂಡ ಬಣ್ಣವನ್ನು ಅವೆರಡೂ ಹತ್ತಿಗೆ ಬೆಸೆಯಲಾರವು. ಆದ್ದರಿಂದ ಅದನ್ನು ನಿಲ್ಲಿಸಲು ಹೆಣಗುವ ಬದಲು, ಹೊಲಿಗೆಗೆ ಮೊದಲೇ ಹೊರಹಾಕುವುದು ವಿವೇಕ.

ಕತ್ತರಿ ಹಾಕುವ ಮುನ್ನ ಬಟ್ಟೆಯ ಒಂದು ಮೂಲೆಯನ್ನು ಒದ್ದೆಮಾಡಿ, ಬಿಳಿಯ ಬಟ್ಟೆಯ ನಡುವೆ ಒತ್ತಿಟ್ಟು ನೋಡಿರಿ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳಲ್ಲಿ ವಿಶೇಷ ಎಚ್ಚರಿಕೆ ಬೇಕು. ಕಲೆ ಮೂಡಿದರೆ ಆ ಹತ್ತಿಬಟ್ಟೆಯನ್ನು ಪ್ರತ್ಯೇಕವಾಗಿ ಬಿಸಿನೀರು, ಸೋಪಿನ ಪುಡಿಯಲ್ಲಿ ಒಗೆದು, ಜಾಲಿಸಿದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಿರಿ. ಬಟ್ಟೆ ಕುಗ್ಗುವುದಿದ್ದರೆ ಆಗಲೇ ಕುಗ್ಗಿಬಿಡುತ್ತದೆ. ನಾಲ್ಕೈದು ಒಗೆತಗಳ ಬಳಿಕವೂ ನೀರು ತಿಳಿಯಾಗದಿದ್ದಲ್ಲಿ ಅದನ್ನು ಬಿಳಿಯ ಬಟ್ಟೆಯೊಡನೆ ಜೋಡಿಸದಿರುವುದೇ ಲೇಸು. ಹೊಲಿದ ಕೌದಿಯನ್ನು ಧಾರಾಳ ನೀರಿನಲ್ಲಿ ಒಗೆದು, ಒದ್ದೆಯಾಗಿ ಮುದ್ದೆಗಟ್ಟಿ ಇಡದೆ ಕೂಡಲೇ ಹರವಿರಿ.

ಇಷ್ಟಾದರೂ ಬಣ್ಣ ಹತ್ತಿತೆ? ಎದೆಗುಂದಬೇಡಿರಿ, ಒಣಗಲು ಬಿಡಬೇಡಿರಿ, ಇಸ್ತ್ರಿಯನ್ನಂತೂ ಮಾಡಲೇಬೇಡಿರಿ. ದೊಡ್ಡ ಪಾತ್ರೆಯಲ್ಲಿ ಸೋಪಿನ ಪುಡಿ ಬೆರೆಸಿದ ಬಿಸಿನೀರಿನೊಳಗೆ ಕೌದಿ ಪೂರ್ತಿ ಮುಳುಗಿರುವಂತೆ ಒಂದು ರಾತ್ರಿ ನೆನೆಯಿಡಿರಿ. ನೀರಿಗೆ ಬಣ್ಣ ಬಿಟ್ಟಿದ್ದರೆ ನೀರು ಬದಲಿಸಿ ಮತ್ತೊಮ್ಮೆ ನೆನೆಯಿಡಿರಿ. ಹೀಗೆ ತಾಳ್ಮೆಯಿಂದ ಮಾಡಿದರೆ ಕೆಟ್ಟಿತೆಂದು ಮೂಲೆಗೆ ಎಸೆದ ಅನೇಕ ಕೌದಿಗಳನ್ನು ಉಳಿಸಿಕೊಳ್ಳಬಹುದು.