192 ಎಂಬ ಅಂಕಿಯ ಮೋಹ: ಹೈ-ರೆಸಲ್ಯೂಷನ್ ಡಿಸ್ಕ್‌ಗಳ ಸುತ್ತಲಿನ ತಪ್ಪು ಕಲ್ಪನೆಗಳು

ಹೈ-ರೆಸಲ್ಯೂಷನ್ ಸಂಗೀತದ ಡಿಸ್ಕ್‌ಗಳನ್ನು ಕೂಡಿಡುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ. ಸಾಧಾರಣ ಸಿ.ಡಿ.ಯಲ್ಲಿ ಸಂಗೀತದ ಒಂದಷ್ಟು ಪಾಲು ಕಳೆದುಹೋಗಿರುತ್ತದೆ, 44.1 ಕಿಲೋಹರ್ಟ್ಜ್ ಬದಲು 96 ಅಥವಾ 192 ಎಂದು ಅಚ್ಚಾದ ಡಿಸ್ಕ್ ಕೊಂಡರೆ ಕಳೆದದ್ದು ಮರಳಿ ಬರುತ್ತದೆ ಎಂಬುದೇ ಆ ನಂಬಿಕೆ. ಸೂಪರ್ ಆಡಿಯೋ ಸಿ.ಡಿ. 1999ರಲ್ಲಿ, ಡಿ.ವಿ.ಡಿ.-ಆಡಿಯೋ 2000ದಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಈ ಮಾತು ಕೇಳಿಬರುತ್ತಲೇ ಇದೆ. ಇದು ತಪ್ಪು. ಇದನ್ನು ನಂಬಿದವರು ದುಬಾರಿ ಬೆಲೆ ತೆತ್ತು ಅಂಕಿಗಳನ್ನು ಕೊಳ್ಳುತ್ತಾರೆ, ಅದೇ ಡಿಸ್ಕ್‌ನಲ್ಲಿರುವ ನಿಜವಾದ ಸಂಪತ್ತನ್ನು ಗಮನಿಸದೆ ಹೋಗುತ್ತಾರೆ. ಹಾಗಾಗಿ ಇದು ಕೆಡುಕಿನ ತಪ್ಪು ಕೂಡ.

ಸೆಕೆಂಡಿಗೆ 44,100 ಸಲ ಅಳತೆ ತೆಗೆದರೆ ಎರಡು ಅಳತೆಗಳ ನಡುವೆ ನಡೆದದ್ದು ದಾಖಲಾಗುವುದಿಲ್ಲ ಎಂಬ ಊಹೆ ಈ ನಂಬಿಕೆಯ ಬುಡ. ಜಾಹೀರಾತುಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಒಂದು ಕಡೆ ನುಣುಪಾದ ಅಲೆ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಅಲೆ, ಎರಡನೆಯದರ ಕೆಳಗೆ ಸಿ.ಡಿ. ಎಂಬ ಹೆಸರು. ಆ ಮೆಟ್ಟಿಲುಗಳು ಯಾವ ಸಿ.ಡಿ. ಪ್ಲೇಯರಿನ ತಂತಿಯಿಂದಲೂ ಹೊರಬರುವುದಿಲ್ಲ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫ್ ಸಂಕೇತಗಳನ್ನು ಕುರಿತು ಬರೆದದ್ದರ ಜಾಡಿನಲ್ಲೇ ನಡೆದು ಕ್ಲಾಡ್ ಶ್ಯಾನನ್ 1949ರಲ್ಲಿ ಸ್ಪಷ್ಟವಾಗಿ ನಿರೂಪಿಸಿದ ಪ್ರಮೇಯ ಇದನ್ನು ಇತ್ಯರ್ಥ ಮಾಡಿದೆ. ಸಂಕೇತದಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳತೆ ತೆಗೆದರೆ, ಆ ಮಿತಿಯೊಳಗೆ ಆ ಎಲ್ಲ ಅಳತೆಗಳ ಮೂಲಕ ಹಾದುಹೋಗಬಲ್ಲ ಅಲೆ ಒಂದೇ ಒಂದು. ಎರಡು ಬಿಂದುಗಳನ್ನು ಕೊಟ್ಟರೆ ಅವುಗಳ ಮೂಲಕ ಒಂದೇ ಸರಳರೇಖೆ ಎಳೆಯಲು ಸಾಧ್ಯವಾದ ಹಾಗೆ, ಇಲ್ಲಿಯೂ ನಡುವಿನ ಜಾಗದಲ್ಲಿ ಬೇರೆ ಏನೋ ಅಡಗಿರಲು ಎಡೆಯೇ ಇಲ್ಲ. ಪ್ಲೇಯರಿನ ಫಿಲ್ಟರ್ ಆ ಒಂದೇ ಅಲೆಯನ್ನು ಮತ್ತೆ ಕಟ್ಟುತ್ತದೆ. 10 ಕಿಲೋಹರ್ಟ್ಜ್‌ನ ಶುದ್ಧ ಸ್ವರವನ್ನು ಸಿ.ಡಿ.ಯಿಂದ ನುಡಿಸಿ ಆಸಿಲೋಸ್ಕೋಪಿನಲ್ಲಿ ನೋಡಿದರೆ ಕಾಣುವುದು ನುಣುಪಾದ ಅಲೆಯೇ.

ಸಿ.ಡಿ. 22 ಕಿಲೋಹರ್ಟ್ಜ್‌ವರೆಗಿನದನ್ನು ಹಿಡಿದಿಡುತ್ತದೆ. ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲಿ ಹೆಚ್ಚೆಂದರೆ 20 ಕಿಲೋಹರ್ಟ್ಜ್‌ವರೆಗೆ ಕೇಳೀತು, ವಯಸ್ಸಾದಂತೆ ಆ ಮಿತಿ ಇಳಿಯುತ್ತಲೇ ಹೋಗುತ್ತದೆ. ಬೆಲೆಬಾಳುವ ಡಿಸ್ಕ್‌ಗಳನ್ನು ಕೊಳ್ಳುವ ಅನುಕೂಲ ಒದಗುವ ವಯಸ್ಸಿನಲ್ಲಿ ಹೆಚ್ಚಿನವರಿಗೆ 15 ಕಿಲೋಹರ್ಟ್ಜ್ ಕೇಳಿಸುವುದೇ ಕಷ್ಟ. ಸ್ಟುಡಿಯೋಗಳಲ್ಲಿ ಪ್ರಸಿದ್ಧವಾದ ನಾಯ್ಮನ್ ಯು 87 ಮೈಕಿನ ಘೋಷಿತ ವ್ಯಾಪ್ತಿಯೂ 20 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಕಂಪನಗಳು ಡಿಸ್ಕ್‌ನಲ್ಲಿ ಇದ್ದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು. ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳಲ್ಲಿ ಅವು ಒಂದರೊಡನೊಂದು ಬೆರೆತು, ಕೇಳುವ ವ್ಯಾಪ್ತಿಯೊಳಗೆ ಮೂಲದಲ್ಲಿಲ್ಲದ ಸದ್ದುಗಳನ್ನು ಹುಟ್ಟಿಸಬಲ್ಲವು.

ಸ್ವಲ್ಪ ಓದಿಕೊಂಡವರು ಕಂಪನಾಂಕವನ್ನು ಬಿಟ್ಟು ಕಾಲದ ವಾದ ಹೂಡುತ್ತಾರೆ. ಎರಡು ಅಳತೆಗಳ ನಡುವಿನ ಅಂತರ ಸುಮಾರು 22.7 ಮೈಕ್ರೋಸೆಕೆಂಡ್, ಎಡಕಿವಿ ಬಲಕಿವಿಗಳಿಗೆ ಸದ್ದು ತಲುಪುವಾಗಿನ ವ್ಯತ್ಯಾಸ 10 ಮೈಕ್ರೋಸೆಕೆಂಡ್ ಇದ್ದರೂ ಮನುಷ್ಯ ಗುರುತಿಸುತ್ತಾನೆ, ಆದ್ದರಿಂದ ಸಿ.ಡಿ. ಸಾಲದು ಎನ್ನುತ್ತಾರೆ. ಎರಡು ಅಂಕಿಗಳೂ ಸರಿ, ತೀರ್ಮಾನ ಮಾತ್ರ ತಪ್ಪು. ಅಲೆ ಎರಡು ಅಳತೆಗಳ ನಡುವೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ಆ ಅಳತೆಗಳ ಬೆಲೆಯಲ್ಲೇ ದಾಖಲಾಗಿರುತ್ತದೆ. 16 ಬಿಟ್‌ನ ಸಿ.ಡಿ. ಒಂದು ಮೈಕ್ರೋಸೆಕೆಂಡಿಗಿಂತ ಎಷ್ಟೋ ಸಣ್ಣ ವ್ಯತ್ಯಾಸವನ್ನೂ ಎರಡು ಚಾನೆಲ್‌ಗಳ ನಡುವೆ ಕಾಪಾಡುತ್ತದೆ.

ಬಿಟ್‌ಗಳ ಕಥೆಯೂ ಇದೇ. 16 ಬಿಟ್ ಎಂದರೆ ಸುಮಾರು 96 ಡೆಸಿಬಲ್ ವ್ಯಾಪ್ತಿ. ಶಾಂತವಾದ ಮನೆಯ ಕೋಣೆಯಲ್ಲೂ 30 ಡೆಸಿಬಲ್ ಆಸುಪಾಸಿನ ಹಿನ್ನೆಲೆ ಸದ್ದು ಇದ್ದೇ ಇರುತ್ತದೆ. ಅದರ ಮೇಲೆ 96 ಡೆಸಿಬಲ್ ಏರಿಸಿ ಕೇಳಿದರೆ ಕಿವಿಗೇ ಅಪಾಯ. 24 ಬಿಟ್ ಕಾಗದದ ಮೇಲೆ 144 ಡೆಸಿಬಲ್ ಕೊಡುತ್ತದೆ. ವಿದ್ಯುನ್ಮಂಡಲಗಳ ಸ್ವಂತ ಗೊರಗೊರದಿಂದಾಗಿ ಒಳ್ಳೆಯ ಪರಿವರ್ತಕಗಳಲ್ಲೂ ನಿಜದಲ್ಲಿ ಸಿಗುವುದು ಸುಮಾರು 120. ಧ್ವನಿಮುದ್ರಣ ಮಾಡುವವರಿಗೆ 24 ಬಿಟ್ ಬೇಕೇ ಬೇಕು, ಏಕೆಂದರೆ ಗಾಯಕರು ಯಾವ ಕ್ಷಣದಲ್ಲಿ ಎಷ್ಟು ಏರುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ, ಮೇಲೆ ಧಾರಾಳ ಜಾಗ ಬಿಟ್ಟಿರಬೇಕಾಗುತ್ತದೆ. ಕೆಲಸ ಮುಗಿದು ಸಿದ್ಧವಾದ ಸಂಗೀತವನ್ನು ಮನೆಯಲ್ಲಿ ಕೇಳುವವರಿಗೆ ಆ ಜಾಗದಿಂದ ಉಪಯೋಗವಿಲ್ಲ. 1950-60ರ ದಶಕದ ಟೇಪ್‌ಗಳ ವ್ಯಾಪ್ತಿ 60ರಿಂದ 70 ಡೆಸಿಬಲ್ ಇದ್ದರೆ ಹೆಚ್ಚು. ಅವನ್ನು 24 ಬಿಟ್‌ಗೆ ಇಳಿಸಿದಾಗ ಕೆಳಗಿನ ಬಿಟ್‌ಗಳಲ್ಲಿ ಕೂರುವುದು ಟೇಪಿನ ಹಿಸ್ ಸದ್ದು.

ಇದನ್ನು ಕಿವಿಯಿಂದಲೇ ಪರೀಕ್ಷಿಸಿದ್ದೂ ಆಗಿದೆ. ಬಾಸ್ಟನ್ ಆಡಿಯೋ ಸೊಸೈಟಿಯ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಹೈ-ರೆಸಲ್ಯೂಷನ್ ಡಿಸ್ಕ್ ನುಡಿಯುತ್ತಿರುವಾಗ ಮಧ್ಯದಲ್ಲಿ 16 ಬಿಟ್, 44.1 ಕಿಲೋಹರ್ಟ್ಜ್‌ನ ಕೊಂಡಿಯೊಂದನ್ನು ಸೇರಿಸುತ್ತ, ತೆಗೆಯುತ್ತ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲ ಕೇಳಿಸಿದ್ದರಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿ ಉತ್ತರಿಸಿದ್ದರೂ ಅಷ್ಟೇ ಬರುತ್ತಿತ್ತು. ಆ ಪ್ರಯೋಗಕ್ಕೆ ಬಳಸಿದ ಡಿಸ್ಕ್‌ಗಳ ಮೂಲದ ಬಗ್ಗೆ ಆಕ್ಷೇಪಗಳು ಬಂದವು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 18 ಪ್ರಯೋಗಗಳನ್ನು, 12,000ಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸರಿಯುತ್ತರಗಳ ಪ್ರಮಾಣ ಶೇ. 52.3, ತರಬೇತಿ ಪಡೆದವರಲ್ಲಿ ಗಣನೀಯವಾಗಿ ಹೆಚ್ಚು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ವ್ಯತ್ಯಾಸ ಶೂನ್ಯವಲ್ಲ ಎಂದು ಒಪ್ಪಲೇಬೇಕು. ಆದರೆ ಪರದೆ ಸರಿದಂತಾಯಿತು, ಹಾಡಿಗೆ ಜೀವ ಬಂತು ಎಂದು ಸಂಗ್ರಾಹಕರು ವರ್ಣಿಸುವ ಅನುಭವಕ್ಕೂ ನೂರಕ್ಕೆ ಎರಡರಷ್ಟರ ಈ ಏರಿಕೆಗೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಅವರು ಕೇಳಿದ್ದು ಭ್ರಮೆಯೇ? ಅನೇಕ ಸಲ ಅಲ್ಲ. ಉತ್ತರದ ಸುಳಿವು ಮೇಯರ್-ಮೊರಾನ್ ವರದಿಯಲ್ಲೇ ಇದೆ: ತಾವು ಬಳಸಿದ ಹೈ-ರೆಸಲ್ಯೂಷನ್ ಡಿಸ್ಕ್‌ಗಳು ಹೆಚ್ಚಿನ ಸಿ.ಡಿ.ಗಳಿಗಿಂತ ನಿಜವಾಗಿ ಚೆನ್ನಾಗಿ ಕೇಳಿಸಿದವು, ಕಾರಣ ಅವುಗಳನ್ನು ತಯಾರಿಸುವಾಗ ಎಂಜಿನಿಯರುಗಳು ತೋರಿದ ಕಾಳಜಿ ಎಂದು ಅವರು ಬರೆದರು. ಸಂಗೀತದ ಏರಿಳಿತವನ್ನು ಹಿಸುಕಿ ಎಲ್ಲವನ್ನೂ ಒಂದೇ ಅಬ್ಬರಕ್ಕೆ ತರುವ ಮಾಸ್ಟರಿಂಗ್ ಚಾಳಿ 1990ರ ದಶಕದಿಂದ ಸಿ.ಡಿ.ಗಳನ್ನು ಹಾಳುಮಾಡಿದೆ. ಮೆಟಾಲಿಕಾ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್' ಸಿ.ಡಿ.ಗಿಂತ ಅದೇ ಹಾಡುಗಳು 'ಗಿಟಾರ್ ಹೀರೋ' ಆಟದಲ್ಲಿ ಸ್ವಚ್ಛವಾಗಿದ್ದವು ಎಂದು ಅಭಿಮಾನಿಗಳೇ ಗುರುತಿಸಿದರು. ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' 2003ರಲ್ಲಿ ಎರಡು ಪದರಗಳ ಸೂಪರ್ ಆಡಿಯೋ ಸಿ.ಡಿ.ಯಾಗಿ ಬಂದಾಗ 'ಸ್ಟೀರಿಯೋಫೈಲ್' ಪತ್ರಿಕೆ ಎರಡೂ ಪದರಗಳನ್ನು ಅಳೆದು ನೋಡಿತು. ಸಿ.ಡಿ. ಪದರದ ಏರಿಳಿತವನ್ನು ಹೆಚ್ಚು ಅದುಮಲಾಗಿತ್ತು. ಒಂದೇ ಡಿಸ್ಕಿನ ಎರಡು ಪದರಗಳನ್ನು ಹೋಲಿಸಿ ಹೈ-ರೆಸಲ್ಯೂಷನ್ ಗೆದ್ದಿತೆಂದು ಘೋಷಿಸುವವರು ಇಂಥ ಕಡೆ ಹೋಲಿಸುತ್ತಿರುವುದು ಎರಡು ಬೇರೆ ಬೇರೆ ಮಾಸ್ಟರಿಂಗ್‌ಗಳನ್ನು.

ನಂಬುವುದಕ್ಕೆ ಮುಂಚೆ ಒಂದು ಸಂಜೆಯ ಪರೀಕ್ಷೆ ಸಾಕು. 24 ಬಿಟ್, 96 ಕಿಲೋಹರ್ಟ್ಜ್‌ನ ಕಡತವೊಂದನ್ನು ಸಿ.ಡಿ. ಮಟ್ಟಕ್ಕೆ ಇಳಿಸಿ, ಎರಡರ ಗಟ್ಟಿತನವನ್ನು ಸರಿಸಮ ಮಾಡಿ, 'ಫೂಬಾರ್2000' ತಂತ್ರಾಂಶದ ಎ.ಬಿ.ಎಕ್ಸ್. ಸೌಲಭ್ಯದಲ್ಲಿ ಹೆಸರು ಮರೆಮಾಡಿ ಕೇಳಬಹುದು. ಇದಕ್ಕೆ ಖರ್ಚಿಲ್ಲ. ಆದರೂ ಮಾಡುವವರು ವಿರಳ, ಮಾಡದೆ ಸಾರುವವರು ಹೇರಳ. ಉದ್ಯಮ ಇದೇ ಉದಾಸೀನದ ಮೇಲೆ ಬದುಕುತ್ತದೆ, ಏಕೆಂದರೆ ಅಂಕಿಯನ್ನು ಡಿಸ್ಕಿನ ಹೊದಿಕೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಬಹುದು, ಮಾಸ್ಟರಿಂಗ್ ಮಾಡಿದವರ ಶ್ರದ್ಧೆಯನ್ನು ಹಾಕಲಾಗದು. ಎಂ.ಕ್ಯೂ.ಎ. ಎಂಬ ಸಂಕೋಚನ ವಿಧಾನವನ್ನು ಸ್ಟುಡಿಯೋದ ಮೂಲ ದನಿಯೆಂದು ವರ್ಷಗಟ್ಟಲೆ ಕೊಂಡಾಡಲಾಯಿತು. 2023ರಲ್ಲಿ ಆ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಸರಿಯಿತು. ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ದುಬಾರಿ ಎಲ್.ಪಿ.ಗಳನ್ನು ಅಪ್ಪಟ ಅನಲಾಗ್ ಎಂದು ಹೊಗಳಿ ಡಿಜಿಟಲ್ಲನ್ನು ಹಳಿದವರಿಗೆ, ಅವುಗಳಲ್ಲಿ ಅನೇಕವು ಡಿ.ಎಸ್.ಡಿ. ಎಂಬ ಡಿಜಿಟಲ್ ಹಂತವನ್ನು ದಾಟಿ ಬಂದವೆಂದು ತಿಳಿದದ್ದು 2022ರಲ್ಲಿ, ಅದೂ ಸಂಸ್ಥೆಯವರೇ ಒಪ್ಪಿಕೊಂಡ ಮೇಲೆ. ಅವರ ಕಿವಿ ಅದನ್ನು ಪತ್ತೆ ಮಾಡಿರಲಿಲ್ಲ.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಬೇಕಿಲ್ಲ. ಚಿನ್ನದ ಲೇಪದ ಸಿ.ಡಿ., ಎಸ್.ಎಚ್.ಎಂ. ಸಿ.ಡಿ. ಮುಂತಾದವುಗಳಲ್ಲಿ ಬದಲಾಗುವುದು ಲೋಹ ಅಥವಾ ಪ್ಲಾಸ್ಟಿಕ್; ಓದಿದಾಗ ಸಿಗುವ ಅಂಕಿಗಳು ಅವೇ. ಡಿಸ್ಕಿನ ಅಂಚಿಗೆ ಹಸಿರು ಶಾಯಿ ಬಳಿಯುವುದರಿಂದ ಶಾಯಿ ಖರ್ಚಾಗುತ್ತದೆ, ಅಷ್ಟೆ. ಸೂಪರ್ ಆಡಿಯೋ ಸಿ.ಡಿ. ಹಳೆಯ ಪ್ಲೇಯರಿನಲ್ಲಿ ನಡೆಯದು ಎಂಬುದು ಎರಡು ಪದರಗಳ ಹೈಬ್ರಿಡ್ ಡಿಸ್ಕ್‌ಗಳ ವಿಷಯದಲ್ಲಿ ಸುಳ್ಳು: ಸಿ.ಡಿ.ಯ ಲೇಸರ್ ತನಗೆ ಮೊದಲು ಎದುರಾಗುವ ಅರೆಪಾರದರ್ಶಕ ಪದರವನ್ನು ದಾಟಿ ಅದರಾಚೆಗಿನ ಸಿ.ಡಿ. ಪದರವನ್ನು ಓದುತ್ತದೆ. ಸೂಪರ್ ಆಡಿಯೋ ಸಿ.ಡಿ. ಬಳಸುವ ಡಿ.ಎಸ್.ಡಿ. ಶುದ್ಧ, ಅದನ್ನು ಸಿ.ಡಿ. ಬಳಸುವ ಪಿ.ಸಿ.ಎಂ. ರೂಪಕ್ಕೆ ಬದಲಿಸಿದರೆ ಕೆಡುತ್ತದೆ ಎಂಬುದಕ್ಕೂ ಆಧಾರವಿಲ್ಲ. ಒಂದು ಬಿಟ್‌ನ ಆ ಸಂಕೇತವನ್ನು ಹಾಗೆಯೇ ಇಟ್ಟುಕೊಂಡು ಮಿಕ್ಸ್ ಮಾಡಲು ಬರುವುದಿಲ್ಲವಾದ್ದರಿಂದ ಬಹಳಷ್ಟು ಮುದ್ರಣಗಳು ತಯಾರಿಯ ಹಂತದಲ್ಲೇ ಪಿ.ಸಿ.ಎಂ. ಅಥವಾ ಅನಲಾಗ್ ರೂಪ ತಾಳಿ ಬಂದಿರುತ್ತವೆ. ಈ ಶುದ್ಧತೆಯ ಹಟದಿಂದ ಮನೆಯಲ್ಲಿ ನಷ್ಟವೂ ಇದೆ. ಅನೇಕ ರಿಸೀವರ್‌ಗಳು ಡಿ.ಎಸ್.ಡಿ.ಯನ್ನು ನೇರವಾಗಿ ನುಡಿಸುವಾಗ ಸ್ಪೀಕರ್‌ಗಳ ದೂರದ ಹೊಂದಾಣಿಕೆಯನ್ನೂ ಮಂದ್ರವನ್ನು ಸಬ್‌ವೂಫರಿಗೆ ಕಳಿಸುವ ಏರ್ಪಾಡನ್ನೂ ಕೈಬಿಡುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಡಿಸ್ಕ್‌ಗಳನ್ನು ಕೂಡಿಡಬೇಕು, ಅದೂ ಅಕ್ಕರೆಯಿಂದ. ಸಿ.ಡಿ.ಯಲ್ಲಿ ನಿಜಕ್ಕೂ ಇಲ್ಲದಿರುವುದು ಮೂರನೆಯ, ನಾಲ್ಕನೆಯ, ಐದನೆಯ ಚಾನೆಲ್. ಡೈರ್ ಸ್ಟ್ರೇಟ್ಸ್ ತಂಡದ 'ಬ್ರದರ್ಸ್ ಇನ್ ಆರ್ಮ್ಸ್' (1985) ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಮುದ್ರಿಸಿದ ಸೋನಿ ಡಿಜಿಟಲ್ ಯಂತ್ರ 16 ಬಿಟ್‌ನದು. 2005ರ ಸೂಪರ್ ಆಡಿಯೋ ಸಿ.ಡಿ. ಆ ಮೂಲದಲ್ಲಿ ಇಲ್ಲದ್ದನ್ನು ತರಲಾರದು. ಆದರೆ ಎಂಜಿನಿಯರ್ ಚಕ್ ಏನ್ಲಿ ಮಾಡಿದ 5.1 ಸುತ್ತುದನಿ ಮಿಕ್ಸ್ ಗಿಟಾರು, ಕೀಬೋರ್ಡುಗಳನ್ನು ಕೇಳುಗನ ಸುತ್ತ ಬಿಡಿಸಿಟ್ಟು ಹಾಡಿನ ಒಳರಚನೆಯನ್ನು ತೋರಿಸುತ್ತದೆ. ಅದಕ್ಕೆ 2006ರಲ್ಲಿ ಗ್ರ್ಯಾಮಿಯೂ ಬಂತು. ಕೊಳ್ಳಬೇಕಾದದ್ದು ಈ ಮಿಕ್ಸನ್ನು.

ಸುತ್ತುದನಿ ಸಿನಿಮಾಗಳಿಂದ ಎರವಲು ತಂದ ಗಿಮಿಕ್ ಎಂಬ ಮಾತು ಇತಿಹಾಸ ಬಲ್ಲವರದಲ್ಲ. ಆರ್.ಸಿ.ಎ. ಕಂಪನಿ 1950ರ ದಶಕದಲ್ಲೇ ವಾದ್ಯವೃಂದಗಳನ್ನು ಮೂರು ಚಾನೆಲ್‌ಗಳಲ್ಲಿ ಮುದ್ರಿಸುತ್ತಿತ್ತು. ಎಲ್.ಪಿ.ಯಲ್ಲಿ ಎರಡಕ್ಕೇ ಜಾಗವಿದ್ದುದರಿಂದ ಮಧ್ಯದ ಚಾನೆಲ್ಲನ್ನು ಎಡಬಲಗಳಿಗೆ ಹಂಚಬೇಕಾಯಿತು. 'ಲಿವಿಂಗ್ ಸ್ಟೀರಿಯೋ' ಹೆಸರಿನ ಆ ಮುದ್ರಣಗಳು 2004ರಿಂದ ಸೂಪರ್ ಆಡಿಯೋ ಸಿ.ಡಿ.ಯಾಗಿ ಬಂದಾಗ ಮೂರೂ ಚಾನೆಲ್‌ಗಳು ಮನೆಯವರೆಗೆ ತಲುಪಿದವು. ಅವನ್ನು ನುಡಿಸುವಾಗ ಹಿಂದಿನ ಸ್ಪೀಕರ್‌ಗಳು ಸುಮ್ಮನಿರುತ್ತವೆ, ಡಿಸ್ಕ್ ಕೆಟ್ಟಿದೆ ಎಂದು ಅರ್ಥವಲ್ಲ. 1970ರ ದಶಕದಲ್ಲಿ ಫಿಲಿಪ್ಸ್ ನಾಲ್ಕು ಚಾನೆಲ್‌ಗಳಲ್ಲಿ ಮುದ್ರಿಸಿ ಸ್ಟೀರಿಯೋದಲ್ಲಷ್ಟೇ ಮಾರಿದ್ದ ಶಾಸ್ತ್ರೀಯ ಸಂಗೀತವನ್ನು ನೆದರ್ಲೆಂಡ್ಸ್‌ನ ಪೆಂಟಾಟೋನ್ ಸಂಸ್ಥೆ ಮೊದಲ ಬಾರಿಗೆ ನಾಲ್ಕರಲ್ಲೂ ಹೊರತಂದಿತು. 'ಡಾರ್ಕ್ ಸೈಡ್'ಗೆ ಅಲನ್ ಪಾರ್ಸನ್ಸ್ ಮಾಡಿದ ನಾಲ್ಕು ಚಾನೆಲ್‌ನ ಮಿಕ್ಸ್ ಬೇರೆ, ಜೇಮ್ಸ್ ಗತ್ರಿ ಮಾಡಿದ 5.1 ಬೇರೆ. ಎರಡೂ ಬೇಕೆಂದವರಿಗೆ 2011ರ ಪೆಟ್ಟಿಗೆ ಆವೃತ್ತಿಯೇ ಬೇಕು. ಹಾಗಾಗಿ ಕೊಳ್ಳುವ ಮುಂಚೆ ಓದಬೇಕಾದದ್ದು ಮಿಕ್ಸ್ ಮಾಡಿದವರ ಹೆಸರು, ಮೂಲದ ಚಾನೆಲ್‌ಗಳ ಸಂಖ್ಯೆ, ಮಾಸ್ಟರಿಂಗ್ ನಡೆದ ವರ್ಷ.

ಮನೆಯ ಜೋಡಣೆಯಲ್ಲೂ ಸಿನಿಮಾ ಅಭ್ಯಾಸ ಅಡ್ಡಬರುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮುಂದಿನ ಎಡಬಲ ಸ್ಪೀಕರ್‌ಗಳು 30 ಡಿಗ್ರಿ ಕೋನದಲ್ಲಿ, ಹಿಂದಿನವು 100ರಿಂದ 120 ಡಿಗ್ರಿಯಲ್ಲಿ, ಅಂದರೆ ಕೇಳುಗನ ಪಕ್ಕದಿಂದ ತುಸುವೇ ಹಿಂದೆ ಇರಬೇಕು. ಕೋಣೆಯ ಹಿಂಬದಿಯ ಮೂಲೆಗೆ ತಳ್ಳಿದರೆ ಮಿಕ್ಸ್ ಹರಿದುಹೋಗುತ್ತದೆ. ಐದೂ ಸ್ಪೀಕರ್ ಆದಷ್ಟು ಒಂದೇ ಬಗೆಯವಾಗಿರಬೇಕು, ಏಕೆಂದರೆ ಸಂಗೀತದ ಡಿಸ್ಕ್‌ಗಳಲ್ಲಿ ಹಿಂದಿನ ಚಾನೆಲ್‌ಗೂ ಪೂರ್ತಿ ಹಾಡುಗಾರಿಕೆ ಬರಬಹುದು.

ಈಗ ಹೊಸ ಸುತ್ತುದನಿ ಹೆಚ್ಚಾಗಿ ಡಾಲ್ಬಿ ಅಟ್ಮಾಸ್ ರೂಪದಲ್ಲಿ ಬರುತ್ತಿದೆ. ಬೆಂಗಳೂರಿನ ರಿಕಿ ಕೇಜ್ ಮತ್ತು ಸ್ಟುವರ್ಟ್ ಕೋಪ್ಲೆಂಡ್ ಅವರ 'ಡಿವೈನ್ ಟೈಡ್ಸ್'ಗೆ 2023ರಲ್ಲಿ ಸುತ್ತುದನಿ ಸಂಗೀತದ ಗ್ರ್ಯಾಮಿ ಸಿಕ್ಕಿತು. ಇಂಟರ್ನೆಟ್ಟಿನಲ್ಲೇ ಅಟ್ಮಾಸ್ ಸಿಗುವಾಗ ಡಿಸ್ಕ್ ಏಕೆ ಎನ್ನುವವರಿಗೆ ಉತ್ತರ ಸರಳ. ಸ್ಟ್ರೀಮಿಂಗ್‌ನಲ್ಲಿ ಬರುವುದು ಎಲ್ಲ ಚಾನೆಲ್ ಸೇರಿ ಸೆಕೆಂಡಿಗೆ 768 ಕಿಲೋಬಿಟ್‌ಗೆ ಇಳಿಸಿದ, ಮಾಹಿತಿ ಕಳೆದುಕೊಂಡ ರೂಪ. ಬ್ಲೂ-ರೇಯಲ್ಲಿರುವ ಟ್ರೂ ಎಚ್.ಡಿ. ಒಂದು ಬಿಟ್ಟನ್ನೂ ಕಳೆಯುವುದಿಲ್ಲ. ನುಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ. ಎಲ್ಲ ಬಗೆಯ ಡಿಸ್ಕ್ ಓದುವ ಪ್ಲೇಯರ್‌ಗಳನ್ನು ಮಾಡುತ್ತಿದ್ದ ಓಪ್ಪೊ ಕಂಪನಿ 2018ರಲ್ಲಿ ಅವುಗಳ ತಯಾರಿಕೆ ನಿಲ್ಲಿಸಿತು. ಸೂಪರ್ ಆಡಿಯೋ ಸಿ.ಡಿ.ಯನ್ನು ಕಂಪ್ಯೂಟರಿನ ಸಾಧಾರಣ ಡ್ರೈವ್ ಓದುವುದೇ ಇಲ್ಲ. ಡಿಸ್ಕ್‌ಗಳನ್ನು ಕೂಡಿಡುವವರು ಮೊದಲು ಎಲ್ಲವನ್ನೂ ಓದಬಲ್ಲ ಒಳ್ಳೆಯ ಪ್ಲೇಯರ್ ಒಂದನ್ನು ಸಂಪಾದಿಸಿಕೊಳ್ಳುವುದು ಕ್ಷೇಮ.